ಬೆಲೆ ಮೊದಲು, ಜಮೀನು ಆಮೇಲೆ

2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಭೂಮಿ ಮತ್ತು ಅಭಿವೃದ್ಧಿ ಕಚೇರಿಯಿಂದ ದಿಲ್ಲಿ ವಕ್ಫ್ ಮಂಡಳಿಗೆ ಒಂದು ಪತ್ರ ಹೋಯಿತು. ರಾಜಧಾನಿಯ 123 ಆಸ್ತಿಗಳ ವಿಚಾರದಲ್ಲಿ ಮಂಡಳಿಗೆ ಇನ್ನು ಯಾವ ಪಾತ್ರವೂ ಇಲ್ಲ ಎಂಬುದು ಅದರ ಸಾರ. ಆ ಪಟ್ಟಿಯಲ್ಲಿ ಮಸೀದಿಗಳಿವೆ, ದರ್ಗಾಗಳಿವೆ, ಖಬರಸ್ಥಾನಗಳಿವೆ. ಇವನ್ನೆಲ್ಲ ಬ್ರಿಟಿಷರ ಕಾಲದಲ್ಲೇ, ಹೊಸ ದಿಲ್ಲಿ ಕಟ್ಟುವಾಗಲೇ, ಸ್ವಾಧೀನಪಡಿಸಿಕೊಂಡಾಗಿದೆ ಎಂದು ಒಂದು ಪಕ್ಷ ಹೇಳುತ್ತದೆ. ದೇವರ ಹೆಸರಿಗೆ ಬಿಟ್ಟದ್ದನ್ನು ಯಾವ ಸರ್ಕಾರವೂ ತನ್ನದಾಗಿಸಿಕೊಳ್ಳಲಾರದು ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಟಿವಿಯ ಚರ್ಚೆಗಳು ಈ ಎರಡು ಮಾತುಗಳ ನಡುವೆಯೇ ಸುತ್ತಿ ಮುಗಿದುಹೋಗುತ್ತವೆ.

ಅದಕ್ಕಿಂತ ಹಿಂದಿನ ಪ್ರಶ್ನೆಯೊಂದಿದೆ. ರಸ್ತೆಗೋ, ಸೇತುವೆಗೋ, ಮಸೀದಿಗೋ ಬೇಕೆಂದು ದೊರೆಯು ಪ್ರಜೆಯ ಜಮೀನನ್ನು ಅವನ ಇಚ್ಛೆಗೆ ವಿರುದ್ಧವಾಗಿ ತೆಗೆದುಕೊಳ್ಳಬಹುದೇ? ಇಸ್ಲಾಮಿಕ್ ಧರ್ಮಶಾಸ್ತ್ರಕ್ಕೆ ಇದು ಹೊಸ ಪ್ರಶ್ನೆಯಲ್ಲ. ಅದಕ್ಕೆ ಕೊಟ್ಟ ಉತ್ತರ ಹದಿಮೂರು ಶತಮಾನಗಳಷ್ಟು ಹಳೆಯದು, ಮತ್ತು ಬಹಳ ನಿಖರವಾದದ್ದು. ಅದನ್ನು ಹಿಡಿದುಕೊಂಡು ದಿಲ್ಲಿಯ ಸುತ್ತಮುತ್ತಲ ನೆಲವನ್ನು ನೋಡಿದರೆ ನಮ್ಮ ಇಂದಿನ ಕಾನೂನಿನ ಬಲವೂ ಕೊರತೆಯೂ ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ.

ಮದೀನಾದಿಂದ ಶುರುಮಾಡೋಣ. ಪ್ರವಾದಿ ಮುಹಮ್ಮದರು ಅಲ್ಲಿಗೆ ಬಂದು ಮಸೀದಿ ಕಟ್ಟಲು ಆರಿಸಿಕೊಂಡ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ತಬ್ಬಲಿ ಹುಡುಗರದ್ದು. ಪುಕ್ಕಟೆಯಾಗಿ ಕೊಡುತ್ತೇವೆ ಎಂದರೂ ಪ್ರವಾದಿಗಳು ಒಪ್ಪದೆ ಬೆಲೆ ಕೊಟ್ಟೇ ಪಡೆದರು ಎಂಬುದು ಪ್ರಸಿದ್ಧ ವೃತ್ತಾಂತ. ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಪುನರುತ್ಥಾನದ ದಿನ ಏಳು ಭೂಮಿಗಳ ಭಾರ ಬೀಳುತ್ತದೆ ಎಂಬರ್ಥದ ಹದೀಸು ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಪರಸ್ಪರ ಒಪ್ಪಿಗೆಯ ವ್ಯಾಪಾರದ ಮೂಲಕವಲ್ಲದೆ ಒಬ್ಬರ ಸ್ವತ್ತನ್ನು ಇನ್ನೊಬ್ಬರು ತಿನ್ನಬಾರದು ಎಂದು ಕುರಾನಿನ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಇಷ್ಟನ್ನೇ ನೋಡಿದರೆ ಬಲವಂತದ ಸ್ವಾಧೀನಕ್ಕೆ ಇಲ್ಲಿ ಜಾಗವೇ ಇಲ್ಲ ಅನ್ನಿಸುತ್ತದೆ.

ಆದರೆ ಊರು ಬೆಳೆಯಿತು. ಎರಡನೆಯ ಖಲೀಫ ಉಮರರಿಗೆ ಮದೀನಾದ ಮಸೀದಿಯನ್ನು ಅಗಲ ಮಾಡಬೇಕಾಯಿತು. ಪಕ್ಕದಲ್ಲಿ ಪ್ರವಾದಿಗಳ ಚಿಕ್ಕಪ್ಪ ಅಬ್ಬಾಸರ ಮನೆ. ಉಮರರು ಮೂರು ದಾರಿ ಮುಂದಿಟ್ಟರು: ಮಾರಿಬಿಡಿ, ಇಲ್ಲವೇ ದಾನ ಕೊಡಿ, ಇಲ್ಲವೇ ಬೊಕ್ಕಸದ ಖರ್ಚಿನಲ್ಲಿ ಬೇರೆ ಕಡೆ ಮನೆ ಕಟ್ಟಿಕೊಡುತ್ತೇನೆ. ಅಬ್ಬಾಸರು ಮೂರಕ್ಕೂ ಒಪ್ಪಲಿಲ್ಲ. ಆಗ ಖಲೀಫರು ಸೈನಿಕರನ್ನು ಕಳಿಸಲಿಲ್ಲ. ಇಬ್ಬರೂ ಉಬೈ ಇಬ್ನ್ ಕಅಬ್ ಎಂಬ ವಿದ್ವಾಂಸರನ್ನು ಪಂಚರನ್ನಾಗಿ ಒಪ್ಪಿಕೊಂಡರು. ಜೆರುಸಲೇಮಿನಲ್ಲಿ ದೇವಾಲಯ ಕಟ್ಟಹೊರಟ ದಾವೂದರು ಒಬ್ಬ ಬಡವನ ಮನೆಯನ್ನು ಬಲವಂತವಾಗಿ ಸೇರಿಸಿಕೊಳ್ಳಲು ಯೋಚಿಸಿ ದೇವರ ಎಚ್ಚರಿಕೆಗೆ ಗುರಿಯಾದ ಕಥೆಯನ್ನು ಉಬೈ ನೆನಪಿಸಿದರು, ತೀರ್ಪು ಖಲೀಫರ ವಿರುದ್ಧ ಕೊಟ್ಟರು. ಗೆದ್ದ ಮೇಲೆ ಅಬ್ಬಾಸರೇ ಆ ಮನೆಯನ್ನು ಬೆಲೆಯಿಲ್ಲದೆ ಮಸೀದಿಗೆ ಬಿಟ್ಟುಕೊಟ್ಟರು. ದೊರೆಯ ಎದುರು ಪ್ರಜೆ ವ್ಯಾಜ್ಯ ಗೆದ್ದ ಈ ಪ್ರಸಂಗ ಸ್ವಾಧೀನದ ಚರ್ಚೆ ಬಂದಾಗಲೆಲ್ಲ ಮತ್ತೆ ಓದಬೇಕಾದದ್ದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮಕ್ಕಾದಲ್ಲಿ ಇದೇ ಉಮರರು ಬೇರೆ ರೀತಿ ನಡೆದುಕೊಂಡರು. ಹಿಜರಿ 17ರಲ್ಲಿ ಕಾಬಾದ ಸುತ್ತ ಒತ್ತಿಕೊಂಡಿದ್ದ ಮನೆಗಳನ್ನು ಕೊಂಡು ಕೆಡವಿಸಿದರು. ಕೆಲವರು ಮಾರಲು ಒಪ್ಪಲಿಲ್ಲ. ಅವರ ಮನೆಗಳನ್ನೂ ಕೆಡವಿಸಿ, ಬೆಲೆಯನ್ನು ಕಾಬಾದ ಭಂಡಾರದಲ್ಲಿ ಅವರ ಹೆಸರಿಗೆ ಇಡಿಸಿದರು. ಆಮೇಲೆ ಅವರು ಬಂದು ತೆಗೆದುಕೊಂಡರು. ಕಾಬಾ ನಿಮ್ಮ ಬಳಿಗೆ ಬಂದು ನೆಲೆಸಲಿಲ್ಲ, ನೀವೇ ಅದರ ಅಂಗಳಕ್ಕೆ ಬಂದು ಮನೆ ಕಟ್ಟಿಕೊಂಡಿರಿ ಎಂಬುದು ಉಮರರ ವಾದವಾಗಿತ್ತಂತೆ. ಹಿಜರಿ 26ರಲ್ಲಿ ಮೂರನೆಯ ಖಲೀಫ ಉಸ್ಮಾನರೂ ಹಾಗೇ ವಿಸ್ತರಿಸಿದರು. ಕೂಗಾಡಿ ಪ್ರತಿಭಟಿಸಿದವರನ್ನು ಅವರು ಸೆರೆಯಲ್ಲಿಟ್ಟದ್ದನ್ನೂ ಹಳೆಯ ಇತಿಹಾಸಕಾರರು ಮುಚ್ಚಿಡದೆ ಬರೆದಿದ್ದಾರೆ.

ಈ ಎರಡು ನಡವಳಿಕೆಗಳ ನಡುವೆ ಧರ್ಮಶಾಸ್ತ್ರಜ್ಞರು ತಮ್ಮ ನಿಯಮ ಕಟ್ಟಿದರು. ಮಸೀದಿ ಜನಕ್ಕೆ ಸಾಲದಾಗಿ ಪಕ್ಕದಲ್ಲಿ ಒಬ್ಬನ ಜಮೀನಿದ್ದರೆ, ಅವನು ಒಪ್ಪದಿದ್ದರೂ ಬೆಲೆ ಕೊಟ್ಟು ತೆಗೆದುಕೊಳ್ಳಬಹುದು ಎಂದು ಹನಫಿ ಪಂಥದ ಗ್ರಂಥಗಳು ಹೇಳುತ್ತವೆ. ಆಧಾರವಾಗಿ ಮಕ್ಕಾದ ಪ್ರಸಂಗವನ್ನೇ ಕೊಡುತ್ತವೆ. ಔರಂಗಜೇಬನ ಆಜ್ಞೆಯಂತೆ ಸಂಕಲಿತವಾದ ಫತಾವಾ-ಎ-ಆಲಮ್‌ಗೀರಿಯಲ್ಲೂ ಈ ಮಾತಿದೆ. ಅಷ್ಟೇ ಗಟ್ಟಿಯಾಗಿ ಅವರು ಇನ್ನೊಂದು ಮಾತನ್ನೂ ಹೇಳಿದರು: ಕಿತ್ತುಕೊಂಡ ನೆಲದಲ್ಲಿ ಮಾಡುವ ನಮಾಜು ದೋಷಯುಕ್ತ. ಹಂಬಲಿ ಪಂಥದಲ್ಲಂತೂ ಅಂಥ ನಮಾಜು ಸಲ್ಲುವುದೇ ಇಲ್ಲ ಎಂಬ ಅಭಿಪ್ರಾಯವೇ ಪ್ರಬಲ.

ನಿಯಮವನ್ನು ಒಂದೇ ವಾಕ್ಯಕ್ಕೆ ಇಳಿಸಿದವರು ಉಸ್ಮಾನೀ ತುರ್ಕರು. 1869ರಿಂದ 1876ರವರೆಗೆ ಅವರು ಹೊರತಂದ ಮಜಲ್ಲಾ ಎಂಬ ಸಂಹಿತೆಯ 1216ನೆಯ ಕಲಂ ಹೀಗೆ ವಿಧಿಸುತ್ತದೆ: ಅಗತ್ಯ ಬಿದ್ದರೆ ಸುಲ್ತಾನನ ಆಜ್ಞೆಯ ಮೇರೆಗೆ ಯಾರ ಸ್ವತ್ತನ್ನಾದರೂ ಅದರ ಮೌಲ್ಯ ಕೊಟ್ಟು ರಸ್ತೆಗೆ ಸೇರಿಸಿಕೊಳ್ಳಬಹುದು, ಆದರೆ ಹಣ ಪಾವತಿಯಾಗುವ ತನಕ ಅದನ್ನು ಅವನ ಕೈಯಿಂದ ಬಿಡಿಸುವಂತಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ನಂತರ, 1988ರಲ್ಲಿ, ಜೆದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಇದೇ ವಿಷಯದ ಮೇಲೆ ನಿರ್ಣಯ ಮಾಡಿತು. ಬಲ್ಲವರು ಕಟ್ಟಿದ, ಪೇಟೆ ಬೆಲೆಗೆ ಕಡಿಮೆಯಿಲ್ಲದ ಪರಿಹಾರ ತಡವಿಲ್ಲದೆ ಸಿಗಬೇಕು. ತೆಗೆದುಕೊಳ್ಳುವವನು ಆಳುವವನೋ ಅವನ ಅಧಿಕೃತ ಪ್ರತಿನಿಧಿಯೋ ಆಗಿರಬೇಕು. ಮಸೀದಿ, ರಸ್ತೆ, ಸೇತುವೆಯಂಥ ನಿಜವಾದ ಸಾರ್ವಜನಿಕ ಅಗತ್ಯ ಇರಬೇಕು. ತೆಗೆದುಕೊಂಡದ್ದು ಹೂಡಿಕೆಯ ವ್ಯವಹಾರಕ್ಕೆ ಹೋಗಬಾರದು, ಅದು ಸರ್ಕಾರದ್ದಾಗಲಿ ಖಾಸಗಿಯದ್ದಾಗಲಿ. ಯಾವ ಉದ್ದೇಶಕ್ಕೆ ತೆಗೆದರೋ ಅದು ಬಿದ್ದುಹೋದರೆ ಮೂಲ ಮಾಲೀಕನಿಗೆ ಅಥವಾ ಅವನ ವಾರಸುದಾರರಿಗೆ ಅದನ್ನು ನ್ಯಾಯವಾದ ಬೆಲೆಗೆ ಮರಳಿ ಪಡೆಯುವ ಮೊದಲ ಹಕ್ಕು. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಅದು ಸ್ವಾಧೀನವಲ್ಲ, ಕಬಳಿಕೆ. ಹೂಡಿಕೆಯ ಷರತ್ತನ್ನು ನೆನಪಿಟ್ಟುಕೊಳ್ಳಿ, ನೊಯ್ಡಾಕ್ಕೆ ಹೋದಾಗ ಬೇಕಾಗುತ್ತದೆ.

ಇನ್ನು ಮೊಘಲರ ಕಾಲ. ಔರಂಗಜೇಬನ ಆಸ್ಥಾನವನ್ನು ಕಂಡಿದ್ದ ಫ್ರೆಂಚ್ ವೈದ್ಯ ಬರ್ನಿಯೆ, ಹಿಂದೂಸ್ತಾನದಲ್ಲಿ ನೆಲವೆಲ್ಲ ಬಾದಶಹನದ್ದೇ, ಪ್ರಜೆಗೆ ತನ್ನದೆಂಬುದಿಲ್ಲ ಎಂದು ತನ್ನ ದೇಶದ ಮಂತ್ರಿಗೆ ಬರೆದ. ಯುರೋಪು ಅದನ್ನು ಬಹುಕಾಲ ನಂಬಿತು. ಆದರೆ ತಾಜಮಹಲಿನ ಜಾಗದ ಕತೆ ಬೇರೆಯೇ ಹೇಳುತ್ತದೆ. ಯಮುನೆಯ ದಂಡೆಯ ಆ ಜಾಗ ಅಂಬರಿನ ರಾಜಾ ಮಾನಸಿಂಹನಿಂದ ಬಂದು ಅವನ ವಂಶದ ರಾಜಾ ಜಯಸಿಂಹನ ವಶದಲ್ಲಿತ್ತು. ಜಯಸಿಂಹ ಹಾಗೇ ಕೊಡಲು ಸಿದ್ಧನಿದ್ದ ಎಂದು ಆಸ್ಥಾನದ ಇತಿಹಾಸಕಾರರು ಬರೆಯುತ್ತಾರೆ. ಸಮಾಧಿಯ ನೆಲದಲ್ಲಿ ಯಾರ ಋಣವೂ ಉಳಿಯಬಾರದೆಂಬ ಎಚ್ಚರದಿಂದ ಷಾಹಜಹಾನ್ ಅದಕ್ಕೆ ಬದಲಾಗಿ ಆಗ್ರಾದ ನಾಲ್ಕು ಹವೇಲಿಗಳನ್ನು ಕೊಟ್ಟ. 1633ರ ಡಿಸೆಂಬರಿನ ಫರ್ಮಾನಿನಲ್ಲಿ ಆ ನಾಲ್ಕೂ ಹವೇಲಿಗಳ ವಿವರವಿದೆ. ಹೆಂಡತಿಯ ಗೋರಿಗೆ ಜಾಗ ಬೇಕಾದ ಚಕ್ರವರ್ತಿ ತನ್ನ ಅಧೀನದ ಮನಸಬದಾರನೊಬ್ಬನಿಗೆ ಬದಲಿ ಆಸ್ತಿ ಬರೆದುಕೊಡಬೇಕಾಗಿ ಬಂದದ್ದು ಧರ್ಮಶಾಸ್ತ್ರದ ಒತ್ತಡದಿಂದಲೇ.

ಇದನ್ನೇ ಇಡೀ ಮೊಘಲ್ ಕಾಲದ ಚಿತ್ರವೆಂದು ಹೇಳಿದರೆ ತಪ್ಪಾಗುತ್ತದೆ. ಊರಿನ ಹವೇಲಿಗೂ ಹಳ್ಳಿಯ ಹೊಲಕ್ಕೂ ಒಂದೇ ಅಳತೆ ಇರಲಿಲ್ಲ. ಇಂದು ರಾಷ್ಟ್ರ ರಾಜಧಾನಿ ವಲಯಕ್ಕೆ ಸೇರಿರುವ ಶಾಮ್ಲಿ ಜಿಲ್ಲೆಯ ಥಾನಾ ಭವನದ ಖಾಜಿ ಮುಹಮ್ಮದ್ ಆಲಾ ಥಾನವಿ 18ನೆಯ ಶತಮಾನದಲ್ಲಿ ಭೂ ಒಡೆತನದ ಮೇಲೆ ಒಂದು ಪುಸ್ತಿಕೆ ಬರೆದರು. ಹಿಂದೂಸ್ತಾನದ ಸಾಗುವಳಿ ನೆಲ ಬೈತುಲ್ ಮಾಲ್‌ಗೆ, ಅಂದರೆ ಸಾರ್ವಜನಿಕ ಬೊಕ್ಕಸಕ್ಕೆ, ಸೇರಿದ್ದು ಎಂಬ ಕಡೆಗೆ ಅವರ ವಾದ ವಾಲುತ್ತದೆ. ಜಯಸಿಂಹನಿಗೆ ಸಿಕ್ಕ ಹವೇಲಿ ಉಳುವವನಿಗೆ ಸಿಗುತ್ತಿತ್ತೆ ಎಂಬ ಸಂಶಯಕ್ಕೆ ಇದು ಎಡೆಕೊಡುತ್ತದೆ. ಬೇಸಾಯಗಾರನ ಹಕ್ಕು ಗಟ್ಟಿಯಾದದ್ದು ಬಹಳ ತಡವಾಗಿ, ಮತ್ತು ಅವನದೇ ಹೋರಾಟದಿಂದ.

1857ರ ನಂತರ ದಿಲ್ಲಿಯಲ್ಲಿ ನಡೆದದ್ದು ಸ್ವಾಧೀನವಲ್ಲ, ಮುಟ್ಟುಗೋಲು. ಕೆಂಪು ಕೋಟೆಯ ಸುತ್ತ ಫಿರಂಗಿಗೆ ಅಡ್ಡವಾಗುತ್ತವೆ ಎಂದು ಬೀದಿಬೀದಿಗಳನ್ನೇ ನೆಲಸಮ ಮಾಡಿದರು, ಅಕ್ಬರಾಬಾದೀ ಮಸೀದಿ ಅದರಲ್ಲೇ ಹೋಯಿತು. ಚಾಂದನಿ ಚೌಕದ ಪಶ್ಚಿಮದ ತುದಿಯಲ್ಲಿರುವ ಫತೇಪುರಿ ಮಸೀದಿ, 1650ರಲ್ಲಿ ಷಾಹಜಹಾನನ ಬೇಗಂ ಕಟ್ಟಿಸಿದ್ದು, ಹರಾಜಿಗೆ ಬಂತು. ಲಾಲಾ ಚುನ್ನಾಮಲ್ ಎಂಬ ವರ್ತಕರು 19,000 ರೂಪಾಯಿಗೆ ಕೊಂಡರು. ಅವರು ಅದನ್ನು ಕೆಡವಲಿಲ್ಲ, ಜೋಪಾನ ಮಾಡಿದರು. 1877ರಲ್ಲಿ ಸರ್ಕಾರ ನಾಲ್ಕು ಹಳ್ಳಿಗಳನ್ನು ಬದಲಿಗೆ ಕೊಟ್ಟು ಮಸೀದಿಯನ್ನು ಬಿಡಿಸಿಕೊಂಡು ಮುಸ್ಲಿಮರಿಗೆ ಹಿಂದಿರುಗಿಸಿತು. ಮಸೀದಿಯನ್ನು ಮರಳಿ ಮಸೀದಿ ಮಾಡಲು ಸರ್ಕಾರವೇ ಬೆಲೆ ತೆತ್ತ ಈ ವ್ಯವಹಾರ ದಿಲ್ಲಿಯ ಭೂ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

1894ರ ಭೂಸ್ವಾಧೀನ ಕಾಯ್ದೆಯ ಮನಸ್ಸು ಬೇರೆಯದು. ಐತೀರ್ಪು ಆದ ಮೇಲೆ ಕಲೆಕ್ಟರು ಕಬ್ಜಾ ತೆಗೆದುಕೊಂಡರೆ ಸಾಕು, ಜಮೀನು ಎಲ್ಲ ಹಕ್ಕುಬಾಧ್ಯತೆಗಳಿಂದ ಮುಕ್ತವಾಗಿ ಸರ್ಕಾರಕ್ಕೆ ಸೇರುತ್ತಿತ್ತು. ತುರ್ತು ಕಲಂ ಹಾಕಿದರಂತೂ ಐತೀರ್ಪಿಗೂ ಕಾಯಬೇಕಿರಲಿಲ್ಲ. ಹಣ ಕೈಗೆ ಬಂತೇ ಎಂಬುದು ಒಡೆತನ ಹೋಗುವುದಕ್ಕೆ ಅಡ್ಡಿಯಾಗಿರಲಿಲ್ಲ. ಮಜಲ್ಲಾ ಬೆಲೆಯನ್ನು ಮೊದಲಿಟ್ಟು ಕಬ್ಜಾವನ್ನು ಆಮೇಲಿಟ್ಟರೆ, ಬ್ರಿಟಿಷ್ ಕಾಯ್ದೆ ಆ ಸರದಿಯನ್ನು ಅಳಿಸಿತು. ಈ ದೇಶದ ಲಕ್ಷಾಂತರ ರೈತರ ಗೋಳು ಆ ಒಂದು ಅಳಿಸುವಿಕೆಯಲ್ಲಿ ಹುಟ್ಟಿದ್ದು.

1911ರ ಡಿಸೆಂಬರಿನಲ್ಲಿ ರಾಜಧಾನಿ ಕಲ್ಕತ್ತದಿಂದ ದಿಲ್ಲಿಗೆ ಎಂದು ಘೋಷಣೆಯಾದ ಬೆನ್ನಿಗೇ ಸ್ವಾಧೀನದ ಅಧಿಸೂಚನೆ ಬಂತು. ರಾಯಸೀನಾ, ಮಾಲ್ಚಾ ಮುಂತಾದ ಹಳ್ಳಿಗಳು ಎದ್ದುಹೋದವು. ಮಾಲ್ಚಾದವರು ಸೋನಿಪತ್ ಬಳಿ ಹರ್ಸಾನಾ ಮಾಲ್ಚಾ ಎಂದು ಊರು ಕಟ್ಟಿಕೊಂಡರು. ಹಳೆಯ ಪರಿಹಾರ ತಮ್ಮ ಹಿರಿಯರಿಗೆ ಸರಿಯಾಗಿ ಸಂದಿಲ್ಲ ಎಂದು ಅವರ ವಂಶದವರು ನೂರು ವರ್ಷದ ಮೇಲೂ ದನಿ ಎತ್ತಿದರು. ರಾಷ್ಟ್ರಪತಿ ಭವನ ನಿಂತಿರುವುದು ಆ ಹೊಲಗಳ ಸೀಮೆಯಲ್ಲಿ.

ಹೊಲಗಳ ನಡುವೆ ಮಸೀದಿಗಳೂ ಗೋರಿಗಳೂ ಇದ್ದವು, ಮತ್ತು 123ರ ತೊಡಕು ಇಲ್ಲಿಂದ ಶುರುವಾಗುತ್ತದೆ. 1911ರಿಂದ 1915ರ ನಡುವೆ ಹೊರಡಿಸಿದ ಸ್ವಾಧೀನದ ಆದೇಶಗಳ ಗಡಿಯೊಳಗೆ ಇವೂ ಸೇರಿದವು. ಆದರೆ ಎಷ್ಟೋ ಕಡೆ ನಮಾಜು ನಿಲ್ಲಲಿಲ್ಲ, ಹೂಳುವುದು ನಿಲ್ಲಲಿಲ್ಲ. ಸ್ವಾತಂತ್ರ್ಯದ ನಂತರ ದಿಲ್ಲಿ ವಕ್ಫ್ ಮಂಡಳಿ ಇವನ್ನು ತನ್ನ ಆಸ್ತಿಯೆಂದು ಪ್ರಕಟಿಸಿತು, ಸರ್ಕಾರ ದಾವೆ ಹೂಡಿತು. ಎಸ್.ಎಂ.ಎಚ್. ಬರ್ನಿ ನೇತೃತ್ವದ ಸಮಿತಿ ಪರಿಶೀಲಿಸಿತು. 1984ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಭೂಮಿ ಮತ್ತು ಅಭಿವೃದ್ಧಿ ಕಚೇರಿಯ 61, ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ 62 ಆಸ್ತಿಗಳನ್ನು ಎಕರೆಗೆ ವರ್ಷಕ್ಕೆ ಒಂದು ರೂಪಾಯಿ ಗುತ್ತಿಗೆಗೆ ಮಂಡಳಿಗೆ ವಹಿಸಲು ಆದೇಶಿಸಿತು. ಇಂದ್ರಪ್ರಸ್ಥ ವಿಶ್ವ ಹಿಂದೂ ಪರಿಷತ್ ಅದೇ ವರ್ಷ ಹೈಕೋರ್ಟಿಗೆ ಹೋಯಿತು, ತಡೆ ಸಿಕ್ಕಿತು. 2011ರಲ್ಲಿ ಹೈಕೋರ್ಟು ಹೊಸದಾಗಿ ನಿರ್ಧರಿಸಿ ಎಂದಿತು. 2014ರ ಮಾರ್ಚ್ 5ರಂದು ಯುಪಿಎ ಸರ್ಕಾರ ಈ ಆಸ್ತಿಗಳನ್ನು ಸ್ವಾಧೀನದಿಂದಲೇ ಕೈಬಿಟ್ಟಿತು. ಮತ್ತೆ ದಾವೆ, 2016ರಲ್ಲಿ ಏಕಸದಸ್ಯ ಸಮಿತಿ, 2018ರಲ್ಲಿ ದ್ವಿಸದಸ್ಯ ಸಮಿತಿ, ಕೊನೆಗೆ 2023ರ ಆ ಪತ್ರ.

2014ರ ಆದೇಶ ನಿಂತದ್ದು 2013ರ ಹೊಸ ಭೂಸ್ವಾಧೀನ ಕಾಯ್ದೆಯ ಒಂದು ಕಲಮಿನ ಮೇಲೆ: ಕಬ್ಜಾ ತೆಗೆದುಕೊಳ್ಳದ ಜಮೀನಿನ ಸ್ವಾಧೀನವನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದು. ಅಂದರೆ ಇಡೀ ವಿವಾದ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಅಂದು ಕಾಗದದಲ್ಲಿ ತೆಗೆದುಕೊಂಡ ಮಸೀದಿಯನ್ನು ನಿಜವಾಗಿ ಯಾರಾದರೂ ವಶಕ್ಕೆ ತೆಗೆದುಕೊಂಡರೇ? ಧರ್ಮಶಾಸ್ತ್ರ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸುತ್ತದೆ: ಬೆಲೆ ಯಾರ ಕೈಗೆ ಹೋಯಿತು? ಖಾಸಗಿ ಹೊಲಕ್ಕೆ ಮಾಲೀಕನಿದ್ದಾನೆ. ವಕ್ಫಿನ ನೆಲ ಕೊಟ್ಟವನ ಒಡೆತನದಿಂದಲೂ ಹೊರಬಂದಿರುತ್ತದೆ. ಮುತವಲ್ಲಿ ಅದರ ಪಾಲಕನೇ ಹೊರತು ಮಾಲೀಕನಲ್ಲ. ಅವನು ಹಣ ಪಡೆದು ಸಹಿ ಹಾಕಿದರೂ ಮಾರುವ ಅಧಿಕಾರ ಅವನಿಗೆ ಬರುವುದಿಲ್ಲ. ಪಡೆದ ಹಣದಿಂದ ಅಂಥದ್ದೇ ಉದ್ದೇಶದ ಬೇರೆ ಆಸ್ತಿ ಕೊಂಡರೆ ಮಾತ್ರ ವಕ್ಫ್ ಮುಂದುವರಿಯುತ್ತದೆ.

ಮಸೀದಿಯ ವಿಷಯದಲ್ಲಿ ಪಂಥಗಳ ನಡುವೆಯೇ ಭಿನ್ನಮತವಿದೆ. ಹನಫಿಗಳಲ್ಲಿ ಅಬೂ ಯೂಸುಫರ ಮತದಂತೆ ಒಮ್ಮೆ ಮಸೀದಿಯಾದದ್ದು ಎಂದೆಂದಿಗೂ ಮಸೀದಿ, ಜನ ಊರು ಬಿಟ್ಟುಹೋದರೂ. ಹಂಬಲಿಗಳು ಕೂಫಾದ ಉದಾಹರಣೆ ಕೊಡುತ್ತಾರೆ: ಬೊಕ್ಕಸಕ್ಕೆ ಕನ್ನ ಬಿದ್ದಾಗ ಮಸೀದಿಯನ್ನು ಬೇರೆಡೆಗೆ ಸರಿಸಿ, ಬೊಕ್ಕಸ ನಮಾಜು ಮಾಡುವವರ ಕಣ್ಣೆದುರಿಗೆ ಬರುವಂತೆ ಮಾಡಿ ಎಂದು ಉಮರರು ಬರೆದರು, ಹಳೆಯ ಜಾಗ ಖರ್ಜೂರದ ಪೇಟೆಯಾಯಿತು. ದಾರಿ ಇಕ್ಕಟ್ಟಾದಾಗ ಮಸೀದಿಯ ಒಂದು ಪಾಲಿನಲ್ಲಿ ಜನ ಓಡಾಡಲು ಬಿಡಬಹುದೇ ಎಂಬ ಚರ್ಚೆ ಹನಫಿ ಗ್ರಂಥಗಳಲ್ಲೇ ಇದೆ. 2023ರ ಡಿಸೆಂಬರಿನಲ್ಲಿ ಹೊಸ ದಿಲ್ಲಿ ಪುರಸಭೆ ಉದ್ಯೋಗ ಭವನದ ಬಳಿಯ ಸುನೆಹ್ರಿ ಬಾಗ್ ವೃತ್ತದ ಮಸೀದಿಯನ್ನು ವಾಹನ ಸಂಚಾರಕ್ಕಾಗಿ ತೆಗೆಯುವ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತಲ್ಲ, ಆ ಪ್ರಶ್ನೆ ಹೊಸದೇನಲ್ಲ. ಆದರೆ ಶಾಸ್ತ್ರಕಾರರು ಅದಕ್ಕೆ ಮೊದಲು ಕೇಳುತ್ತಿದ್ದದ್ದು, ಬೇರೆ ದಾರಿ ಇದೆಯೇ ಎಂದು.

ನಮ್ಮ ಸುಪ್ರೀಂ ಕೋರ್ಟಿನ ನಿಲುವು 1994ರ ಅಕ್ಟೋಬರ್ 24ರ ಇಸ್ಮಾಯಿಲ್ ಫಾರೂಕಿ ತೀರ್ಪಿನಲ್ಲಿದೆ: ದೇವಾಲಯ, ಚರ್ಚುಗಳಂತೆ ಮಸೀದಿಯನ್ನೂ ಸರ್ಕಾರ ಸ್ವಾಧೀನಪಡಿಸಿಕೊಳ್ಳಬಹುದು. 2013ರಲ್ಲಿ ವಕ್ಫ್ ಕಾಯ್ದೆಗೆ ಬಂದ ತಿದ್ದುಪಡಿ ಈ ಅಧಿಕಾರವನ್ನು ಹಾಗೇ ಉಳಿಸಿ ಷರತ್ತು ಹಾಕಿತು. ಮಂಡಳಿಯೊಂದಿಗೆ ಸಮಾಲೋಚನೆ ಆಗಬೇಕು, ಉದ್ದೇಶ ನಿರ್ವಿವಾದವಾಗಿ ಸಾರ್ವಜನಿಕವಾಗಿರಬೇಕು, ಪರ್ಯಾಯ ಜಮೀನು ಇಲ್ಲದಿರಬೇಕು, ಪೇಟೆ ಬೆಲೆ ಅಥವಾ ತಕ್ಕ ಬದಲಿ ಜಮೀನು ಸಿಗಬೇಕು. ಇದನ್ನು ಬರೆದವರ ಮುಂದೆ ಜೆದ್ದಾದ ನಿರ್ಣಯ ಇತ್ತೋ ಇಲ್ಲವೋ, ಎರಡೂ ಬಹಳ ಹತ್ತಿರ ಬರುತ್ತವೆ. 2025ರ ತಿದ್ದುಪಡಿ ಕಾಯ್ದೆ ಮಾತ್ರ ಬೇರೆ ದಿಕ್ಕು ಹಿಡಿಯಿತು. ಒಂದು ಆಸ್ತಿ ಸರ್ಕಾರದ್ದೋ ವಕ್ಫೋ ಎಂಬುದನ್ನು ಸರ್ಕಾರಿ ಅಧಿಕಾರಿಯೇ ವಿಚಾರಣೆ ಮಾಡಿ ನಿರ್ಧರಿಸುವಂತೆ, ವಿಚಾರಣೆ ಮುಗಿಯುವ ತನಕ ಅದನ್ನು ವಕ್ಫ್ ಎಂದು ಪರಿಗಣಿಸದಂತೆ ಮಾಡಿತು. ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಆ ಭಾಗಕ್ಕೆ ತಡೆ ಕೊಟ್ಟದ್ದು ಸರಿಯಾದ ಕೆಲಸ. ತಾನೇ ಒಬ್ಬ ಹಕ್ಕುದಾರನಾಗಿರುವ ವ್ಯಾಜ್ಯದಲ್ಲಿ ತಾನೇ ತೀರ್ಪುಗಾರನಾಗುವುದು ಯಾವ ನ್ಯಾಯಪದ್ಧತಿಗೂ ಒಪ್ಪದು. ಉಬೈ ಇಬ್ನ್ ಕಅಬರ ಬಳಿಗೆ ಹೋದ ಖಲೀಫರಿಗೆ ಅದು ತಿಳಿದಿತ್ತು.

ಈಗ ಯಮುನೆ ದಾಟೋಣ. ಗ್ರೇಟರ್ ನೊಯ್ಡಾದ ಶಾಹ್‌ಬೇರಿ ಹಳ್ಳಿಯ 156 ಹೆಕ್ಟೇರು ಜಮೀನನ್ನು 'ಯೋಜಿತ ಕೈಗಾರಿಕಾ ಅಭಿವೃದ್ಧಿ'ಗೆಂದು ತುರ್ತು ಕಲಂ ಹಾಕಿ, ರೈತರ ಆಕ್ಷೇಪಣೆ ಕೇಳುವ ಕ್ರಮವನ್ನೇ ಬಿಟ್ಟು ತೆಗೆದುಕೊಂಡರು. ಆಮೇಲೆ ಅದು ಹೋದದ್ದು ಫ್ಲ್ಯಾಟು ಕಟ್ಟುವ ಬಿಲ್ಡರುಗಳಿಗೆ. 2011ರ ಜುಲೈ 6ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜಿ.ಎಸ್. ಸಿಂಘ್ವಿ ಮತ್ತು ಎ.ಕೆ. ಗಂಗೂಲಿ ಆ ಸ್ವಾಧೀನ ರದ್ದಾದದ್ದನ್ನು ಎತ್ತಿಹಿಡಿದು ಪ್ರಾಧಿಕಾರಕ್ಕೆ ಹತ್ತು ಲಕ್ಷ ರೂಪಾಯಿ ದಂಡ ಹಾಕಿದರು. ಅದೇ ವರ್ಷ ಮೇ ತಿಂಗಳಲ್ಲಿ ಭಟ್ಟಾ ಪಾರಸೌಲ್‌ನಲ್ಲಿ ಪರಿಹಾರದ ಹೋರಾಟ ರಕ್ತಪಾತಕ್ಕೆ ತಿರುಗಿ ಪೊಲೀಸರೂ ಗ್ರಾಮಸ್ಥರೂ ಜೀವ ಕಳೆದುಕೊಂಡಿದ್ದರು. ಅಕ್ಟೋಬರ್ 21ರಂದು ಅಲಹಾಬಾದ್ ಹೈಕೋರ್ಟಿನ ಪೂರ್ಣಪೀಠ ಮೂರು ಹಳ್ಳಿಗಳ ಸ್ವಾಧೀನ ರದ್ದು ಮಾಡಿ, ಉಳಿದ ಹಳ್ಳಿಗಳ ರೈತರಿಗೆ ಶೇ 64.7ರಷ್ಟು ಹೆಚ್ಚುವರಿ ಪರಿಹಾರವನ್ನೂ ಅಭಿವೃದ್ಧಿಪಡಿಸಿದ ಜಮೀನಿನಲ್ಲಿ ಶೇ 10ರಷ್ಟು ಪಾಲನ್ನೂ ಕೊಡಬೇಕೆಂದಿತು. ಅಷ್ಟರಲ್ಲಿ ಅಲ್ಲಿ ಗೋಪುರಗಳು ಎದ್ದಿದ್ದವು, ಸಾವಿರಾರು ಮಧ್ಯಮ ವರ್ಗದವರು ಕಂತು ಕಟ್ಟಿದ್ದರು. ಹಾಗಾಗಿ ನ್ಯಾಯಾಲಯ ನೆಲ ಕೊಡಿಸಲಾರದೆ ಹಣ ಕೊಡಿಸಿತು.

ಶಾಹ್‌ಬೇರಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ರೈತರಿಗೆ ಮರಳಿದ ನೆಲದ ಮೇಲೆ ಅನುಮತಿಯಿಲ್ಲದ ಕಟ್ಟಡಗಳು ಎದ್ದವು. 2018ರ ಜುಲೈಯಲ್ಲಿ ಎರಡು ಕಟ್ಟಡಗಳು ಕುಸಿದು ಒಂಬತ್ತು ಜನ ಸತ್ತರು. ಜಮೀನು ಹಿಂದಿರುಗಿಸುವುದು ಒಂದು ಆದೇಶದಿಂದ ಆಗುತ್ತದೆ. ಹಾಳಾದ ಹೊಲ, ಬೆಳೆದ ಆಸೆ, ಕಾದು ಕುಳಿತ ದಲ್ಲಾಳಿ, ಇವನ್ನೆಲ್ಲ ಹಿಂದಕ್ಕೆ ಕಳಿಸಲು ಯಾವ ಆದೇಶಕ್ಕೂ ಆಗುವುದಿಲ್ಲ.

ಗುರುಗ್ರಾಮದ ಕಡೆಯ ಮಾನೇಸರದಲ್ಲಿ ಸ್ವಾಧೀನದ ಬೆದರಿಕೆಯೇ ಕೆಲಸ ಮಾಡಿತು. 2004ರಲ್ಲಿ ಕೈಗಾರಿಕಾ ಟೌನ್‌ಶಿಪ್‌ಗೆಂದು ಮಾನೇಸರ, ಲಖನೌಲಾ, ನೌರಂಗಪುರಗಳ 912 ಎಕರೆಗೆ ಅಧಿಸೂಚನೆ ಬಂತು. ಹೇಗೂ ಸರ್ಕಾರ ಕಡಿಮೆ ಬೆಲೆಗೆ ತೆಗೆದುಕೊಳ್ಳುತ್ತದೆ ಎಂದು ಹೆದರಿದ ರೈತರು ಬಿಲ್ಡರುಗಳಿಗೆ ಮಾರಿದರು. ಐತೀರ್ಪಿನ ಗಡುವಿಗೆ ಎರಡು ದಿನ ಇರುವಾಗ, 2007ರ ಆಗಸ್ಟಿನಲ್ಲಿ, ಸರ್ಕಾರ ಸ್ವಾಧೀನವನ್ನೇ ಕೈಬಿಟ್ಟಿತು. ಇದು ಅಧಿಕಾರದ ದುರುಪಯೋಗ, ವಂಚನೆ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 12ರಂದು ಹೇಳಿತು. ಹೂಡಿಕೆಯ ವ್ಯವಹಾರಕ್ಕೆ ಬಳಸಬಾರದು ಎಂಬ ಷರತ್ತನ್ನು ಜೆದ್ದಾದ ವಿದ್ವಾಂಸರು ಯಾಕೆ ಅಷ್ಟು ಒತ್ತಿ ಹೇಳಿದರೆಂಬುದು ಮಾನೇಸರವನ್ನು ನೋಡಿದರೆ ಅರ್ಥವಾಗುತ್ತದೆ. ನಮ್ಮ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು 1,777 ಎಕರೆಯ ಸ್ವಾಧೀನವನ್ನು 2025ರ ಜುಲೈ 15ರಂದು ಕೈಬಿಡಿಸಿದ್ದರ ಹಿಂದೆಯೂ ಇದೇ ಪ್ರಶ್ನೆಯಿತ್ತು: ಯಾರ ಲಾಭಕ್ಕೆ?

ನೊಯ್ಡಾದ ರೈತರ ಹೋರಾಟದ ಫಲವಾಗಿಯೂ ಬಂದದ್ದು 2013ರ ಭೂಸ್ವಾಧೀನ ಕಾಯ್ದೆ. 2014ರ ಜನವರಿ 1ರಿಂದ ಜಾರಿಯಾಯಿತು. ಪರಿಹಾರ ಪೂರ್ತಿ ಪಾವತಿಯಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕಲೆಕ್ಟರು ಕಬ್ಜಾ ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. 1894ರಲ್ಲಿ ಅಳಿಸಿದ ಸರದಿ ಹೀಗೆ ಮರಳಿ ಬಂತು. ಕಬ್ಜಾ ತೆಗೆದು ಐದು ವರ್ಷ ಬಳಸದ ಜಮೀನು ಮೂಲ ಮಾಲೀಕನಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ ಹೋಗಬೇಕು ಎಂದೂ ಇದೆ. ಈ 'ಅಥವಾ' ನನಗೆ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಆಯ್ಕೆ ಸರ್ಕಾರದ ಕೈಯಲ್ಲಿದ್ದಾಗ ಅದು ಭೂ ಬ್ಯಾಂಕನ್ನೇ ಆರಿಸಿಕೊಳ್ಳುತ್ತದೆ. ಮೊದಲ ಹಕ್ಕು ಮಾಲೀಕನದು ಎಂದು ಜೆದ್ದಾದ ನಿರ್ಣಯದಂತೆ ನೇರವಾಗಿ ಬರೆಯಬಹುದಿತ್ತು.

ಹಳೆಯ ಕಾಯ್ದೆಯಡಿ ಐತೀರ್ಪಾಗಿ ಐದು ವರ್ಷವಾದರೂ ಕಬ್ಜಾ ಆಗದಿದ್ದರೆ ಅಥವಾ ಪರಿಹಾರ ಸಲ್ಲದಿದ್ದರೆ ಆ ಸ್ವಾಧೀನ ಬಿದ್ದುಹೋಗುತ್ತದೆ ಎಂಬ ನಿಯಮವೂ ಹೊಸ ಕಾಯ್ದೆಯಲ್ಲಿತ್ತು. ದಿಲ್ಲಿಯ ಎಷ್ಟೋ ಜಮೀನುದಾರರು ಇದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಿ ಗೆದ್ದರು. 2020ರ ಮಾರ್ಚ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಈ ನಿಯಮದ 'ಅಥವಾ'ವನ್ನು 'ಮತ್ತು' ಎಂದು ಓದಿತು. ಕಬ್ಜಾ ಆಗಿದ್ದರೆ ಹಣ ಸಲ್ಲದಿದ್ದರೂ ಸ್ವಾಧೀನ ಉಳಿಯುತ್ತದೆ. ಕೊಡಲು ಮುಂದೆ ಬಂದ ಹಣವನ್ನು ಮಾಲೀಕ ನಿರಾಕರಿಸಿದರೆ ಅದನ್ನೇ ನೆಪ ಮಾಡಿ ಸ್ವಾಧೀನ ಬೀಳಿಸುವಂತಿಲ್ಲ. ಎರಡನೆಯ ಮಾತು ಉಮರರ ಮಕ್ಕಾದ ಕ್ರಮಕ್ಕೆ ಹತ್ತಿರವಾಗಿದೆ, ನ್ಯಾಯವೂ ಹೌದು. ಆದರೆ ಕಾಬಾದ ಭಂಡಾರದಲ್ಲಿ ಅವರ ಹೆಸರಿನ ದುಡ್ಡು ನಿಜವಾಗಿ ಬಿದ್ದಿತ್ತು. ಮೊದಲನೆಯ ಮಾತಿನ ಪ್ರಕಾರ ದುಡ್ಡು ಎಲ್ಲೂ ಬೀಳದೆಯೂ ನೆಲ ಹೋಗಬಹುದು. ಬಡ್ಡಿ ಕೊಟ್ಟರಾಯಿತು ಎನ್ನುವುದು ಹೊಲ ಕಳೆದುಕೊಂಡು ವರ್ಷಗಟ್ಟಲೆ ಕಾದವನಿಗೆ ಉತ್ತರವಲ್ಲ.

123ಕ್ಕೆ ಬಂದರೆ, ಇಲ್ಲಿಯವರೆಗೆ ನಡೆದದ್ದೆಲ್ಲ ಇಡೀ ಪಟ್ಟಿಯನ್ನು ಒಟ್ಟಾಗಿ ಕೊಡುವ ಅಥವಾ ಒಟ್ಟಾಗಿ ಕಸಿಯುವ ಪ್ರಯತ್ನ. 1984ರಲ್ಲಿ ಒಟ್ಟಾಗಿ ಗುತ್ತಿಗೆ, 2014ರಲ್ಲಿ ಒಟ್ಟಾಗಿ ಬಿಡುಗಡೆ, 2023ರಲ್ಲಿ ಒಟ್ಟಾಗಿ ವಾಪಸು. ಒಂದೊಂದು ಮಸೀದಿಗೂ ಒಂದೊಂದು ಖಬರಸ್ಥಾನಕ್ಕೂ ಬೇರೆ ಬೇರೆ ಕಡತ ತೆರೆಯಬೇಕು. ಅದರಲ್ಲಿ ಐತೀರ್ಪಿನ ಪ್ರತಿ ಇರಬೇಕು, ಹಣ ಯಾರಿಗೆ ಸಂದಿತೆಂಬ ರಶೀದಿ ಇರಬೇಕು, ಕಬ್ಜಾ ಯಾವ ದಿನ ಯಾರು ತೆಗೆದುಕೊಂಡರೆಂಬ ಮಹಜರು ಇರಬೇಕು. ಮೂರೂ ಇದ್ದ ಕಡೆ, ನೆಲ ಅಂದು ಹೇಳಿದ ಕೆಲಸಕ್ಕೇ ಬಳಕೆಯಾಯಿತೇ ಎಂದು ನೋಡಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಅದು ಸರ್ಕಾರದ್ದೆಂದು ಸಾಬೀತುಪಡಿಸುವ ಹೊರೆ ಸರ್ಕಾರದ ಮೇಲೆಯೇ ಇರಬೇಕು, ಮತ್ತು ಅದನ್ನು ನಿರ್ಧರಿಸುವವರು ಸರ್ಕಾರದ ಅಧಿಕಾರಿಯಲ್ಲದೆ ನ್ಯಾಯಾಧೀಶರಾಗಿರಬೇಕು. ಮಾಲ್ಚಾದ ರೈತರ ಮೊಮ್ಮಕ್ಕಳಿಗೂ ಇದೇ ಮೂರು ಕಾಗದ ತೋರಿಸಬೇಕು. ಅವರ ಮತ ಯಾವುದೆಂದು ಕೇಳದೆ.